ಚೇಂಬರಿನಲ್ಲಿ ಐದು ಅಕ್ಷತೆ ಕಾಳು

ಒಂದು ವರ್ಷ ನನ್ನ ಮಂಚದ ಮೇಲೆ ಒಂದು ಕರಿ ಕಂಬಳಿ ಇತ್ತು. ನಾನು ಕೊಂಡದ್ದಲ್ಲ. ಹೊಸಬಾಳೆಯಿಂದ ಒಬ್ಬರು ಬಸ್ಸು ಬದಲಿಸಿ ಶಿಕಾರಿಪುರಕ್ಕೆ ತಂದು, ತಪ್ಪಾಯಿತು ಎಂದು ಕೈಮುಗಿದು, ಕೊಟ್ಟು ಹೋದದ್ದು. ತಪ್ಪು ಅವರದಲ್ಲ. ಅವರ ಮಗಳದೂ ಅಲ್ಲ. ನನ್ನದು. ಆದರೂ ಆ ಕಂಬಳಿ ಹೊದ್ದು ಒಂದಿಡೀ ಚಳಿಗಾಲ ಬೆಚ್ಚಗೆ ಮಲಗಿದ್ದೇನೆ. ಇದನ್ನು ಯಾರಿಗೂ ಹೇಳದೆ ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಸುಮ್ಮನಿದ್ದುದರಿಂದಲೇ ಇಷ್ಟೆಲ್ಲ ಆದದ್ದು, ಅದಕ್ಕೇ ಹೇಳಿಬಿಡುತ್ತೇನೆ.

ನಾನು ಶಿಕಾರಿಪುರದ ಒಂದು ಪುಟ್ಟ ಸ್ನಾತಕೋತ್ತರ ಕೇಂದ್ರದಲ್ಲಿ ಎಂಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ತವರು ಸೊರಬದ ಕಡೆ ಜಡೆ. ಕೋಪ ಮೂಗಿನ ತುದಿಯಲ್ಲಿ ಅಂತ ಅಲ್ಲಿಯವರೂ ಹೇಳುತ್ತಾರೆ, ಇಲ್ಲಿಯವರೂ ಹೇಳುತ್ತಾರೆ. ಒಪ್ಪಿಕೊಂಡಿದ್ದೇನೆ. ಕೋಪ ಇದ್ದವರು ಕಪಟ ಇಲ್ಲದವರು ಅಂತ ಒಂದು ಮಾತಿದೆಯಲ್ಲ, ಅದನ್ನು ನಂಬಿಕೊಂಡು ಬಹಳ ವರ್ಷ ಬದುಕಿದೆ. ಆ ಮಾತು ಸುಳ್ಳು.

ನಮ್ಮ ಕೇಂದ್ರಕ್ಕೆ ಕೆಲವು ವರ್ಷಗಳ ಹಿಂದೆ ಒಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂತು. ಮೇಜಿನ ಮೇಲೆ ಕೂರುವ ಚಿಕ್ಕ ಜಾತಿಯದು. ಎಲ್ಲೋ ದೊಡ್ಡ ವಿಶ್ವವಿದ್ಯಾಲಯದವರು ಹೊಸದು ಕೊಂಡಾಗ ಹಳೆಯದನ್ನು ನಮಗೆ ದಾಟಿಸಿದ್ದರು. ನಾವೆಲ್ಲ ಅದನ್ನು ಬರೀ ಮಷಿನ್ ಎನ್ನುತ್ತಿದ್ದೆವು. ನೋಡಬೇಕಾದ ವಸ್ತುವಿನ ಚೂರೊಂದನ್ನು ಅಂಗಿ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆಯ ಮೇಲೆ ಅಂಟಿಸಿ, ಅದರ ಮೇಲೆ ಚಿನ್ನದ ತೆಳು ಲೇಪ ಹಾಕಿ, ಡ್ರಾಯರಿನಂಥ ಬಾಗಿಲನ್ನು ಎಳೆದು ಒಳಗಿಡಬೇಕು. ಆ ಒಳಗಿನ ಗೂಡಿಗೆ ಚೇಂಬರ್ ಎನ್ನುತ್ತೇವೆ. ಪಂಪು ಅಲ್ಲಿಯ ಗಾಳಿಯನ್ನೆಲ್ಲ ಎಳೆದುಬಿಡುತ್ತದೆ. ಆಮೇಲೆ ಕೂದಲಿಗಿಂತ ಸಪೂರದ ತಂತಿಯೊಂದು ಕಾದು ಎಲೆಕ್ಟ್ರಾನುಗಳನ್ನು ಸುರಿಸುತ್ತದೆ, ಪರದೆಯ ಮೇಲೆ ಸೊಳ್ಳೆಯ ರೆಕ್ಕೆ ಅಂಗಳದಷ್ಟು ಅಗಲವಾಗಿ ಕಾಣುತ್ತದೆ. ಒಳಗೆ ಎಣ್ಣೆ, ಜಿಡ್ಡು, ಪಸೆ ಏನಿದ್ದರೂ ಮಷಿನ್‌ಗೆ ಆಗದು. ಗಾಳಿ ಪೂರ್ತಿ ಹೋಗುವುದಿಲ್ಲ, ಚಿತ್ರ ಕಪ್ಪಾಗುತ್ತದೆ, ಕೊನೆಗೆ ಆ ತಂತಿ ಸುಟ್ಟುಹೋಗುತ್ತದೆ. ಬರಿಗೈಯಲ್ಲಿ ಬಿಲ್ಲೆ ಮುಟ್ಟಿದ ಹುಡುಗನನ್ನು ನಾನು ಒಂದು ವಾರ ಹೊರಗೆ ಹಾಕಿದ್ದೂ ಉಂಟು.

ಇಂಥ ಮಷಿನ್ ಮುಂದೆ ಮಕ್ಕಳನ್ನು ಕೂರಿಸಲು ಬಹಳ ಕಡೆ ಹೆದರುತ್ತಾರೆ. ನಾನು ಎಂಎಸ್ಸಿ ಓದುವಾಗ ನಮ್ಮನ್ನು ಗಾಜಿನ ಆಚೆ ನಿಲ್ಲಿಸಿದ್ದರು. ಒಳಗೆ ಆಪರೇಟರ್ ಕೂತು ಏನೋ ತಿರುಗಿಸಿದ, ನಮ್ಮ ಕೈಗೆ ಚಿತ್ರ ಬಂತು, ಮನೆಗೆ ಹೋದೆವು. ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸಿ ವಾಸನೆ ತೋರಿಸಿ ಕಳಿಸಿದ ಹಾಗಾಗಿತ್ತು. ಆವತ್ತೇ ನಿಶ್ಚಯ ಮಾಡಿದ್ದೆ, ನನ್ನ ಕೈಗೆ ಎಂದಾದರೂ ಮಷಿನ್ ಬಂದರೆ ನನ್ನ ಮಕ್ಕಳು ಗಾಜಿನ ಆಚೆ ನಿಲ್ಲುವುದಿಲ್ಲ ಅಂತ. ಹಾಗೇ ಮಾಡಿದೆ. ಎಂಟು ಮಕ್ಕಳಿಗೂ ವಾರಕ್ಕೆ ಎರಡೆರಡು ಗಂಟೆ ಹಂಚಿ ಬಾಗಿಲಿಗೆ ಪಟ್ಟಿ ಅಂಟಿಸಿದೆ. ಅವರ ಗಂಟೆಯಲ್ಲಿ ಅವರೇ ರಾಜರು, ನಾನು ಹಿಂದೆ ನಿಂತು ಕೈ ಕಟ್ಟಿಕೊಳ್ಳುತ್ತಿದ್ದೆ.

ನಿಯಮ ಒಂದೇ ಇತ್ತು. ಬಿಲ್ಲೆ ಒಳಗಿಡುವ ಮೊದಲು ಟಾರ್ಚ್ ಬಿಟ್ಟು ಚೇಂಬರ್ ನೋಡಬೇಕು, ಕಂಡದ್ದನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು. ಒಳಗೆ ಏನು ಕಂಡರೂ ಮಕ್ಕಳು ಕೈ ಹಾಕುವ ಹಾಗಿಲ್ಲ, ಅದು ನನ್ನ ಕೆಲಸ. ಇಂಗ್ಲಿಷಿಗೆ ಹೆದರಿ ಬರೆಯದೆ ಬಿಡಬಾರದಲ್ಲ, ಅದಕ್ಕೆ ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ ಎಂದಿದ್ದೆ. ‘ಕಂಡದ್ದನ್ನು ಬರೀರಿ, ಅಂದುಕೊಂಡದ್ದನ್ನು ಬರೀಬೇಡಿ’ ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಮಕ್ಕಳು ಬೆನ್ನ ಹಿಂದೆ ನನ್ನ ದನಿಯಲ್ಲೇ ಅದನ್ನು ಅಣಕಿಸುತ್ತಿದ್ದರು. ಶನಿವಾರ ಶನಿವಾರ ನಾನು ಆ ಪುಟಗಳಿಗೆ ಸಹಿ ಹಾಕುತ್ತಿದ್ದೆ. ಓದುತ್ತಿದ್ದೆನೋ? ಶುರುವಿನಲ್ಲಿ ಓದುತ್ತಿದ್ದೆ.

ಆ ವರ್ಷದ ಎಂಟು ಜನರಲ್ಲಿ ಹೊಸಬಾಳೆಯ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಸ್ವಲ್ಪ ಗದ್ದೆ, ನಲವತ್ತೈವತ್ತು ಕುರಿ. ಮಾತು ಕಡಿಮೆ. ಕೂತ ಕಡೆ ಕೂತಳೆಂದರೆ ಮೈ ಅಲುಗುತ್ತಿರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಬೇಕಾದದ್ದೇ ಆ ಗುಣ. ಉಳಿದವರು ಭತ್ತದ ಹೊಟ್ಟು, ಅನಾನಸ್ ಎಲೆಯ ನಾರು ಎಂದೆಲ್ಲ ಆರಿಸಿಕೊಂಡರೆ, ಅವಳು ತನ್ನ ಯೋಜನಾ ವರದಿಗೆ ಮನೆಯ ಕುರಿಗಳ ಉಣ್ಣೆಯನ್ನು ಆರಿಸಿಕೊಂಡಳು. ಕಂಬಳಿ ಯಾಕೆ ಚುಚ್ಚುತ್ತದೆ, ಮರಿಯ ಉಣ್ಣೆ ಯಾಕೆ ಚುಚ್ಚುವುದಿಲ್ಲ ಎನ್ನುವುದು ಅವಳ ಪ್ರಶ್ನೆ. ಎಂಥ ಒಳ್ಳೆಯ ಪ್ರಶ್ನೆ! ಮೊದಲ ಸಲ ಎಳೆಯೊಂದು ಪರದೆ ತುಂಬ ಹರಡಿ, ಅದರ ಮೇಲಿನ ಹುರುಪೆಗಳು ಒಂದರ ಮೇಲೊಂದು ಕಂಡಾಗ ಅವಳು ತಿರುಗಿ, ‘ಮೇಡಂ, ನಮ್ಮ ಕುರಿ ಮೈಮೇಲೆ ಹಂಚು ಹೊದ್ಸಿದಂಗೈತೆ’ ಎಂದಳು. ಆವತ್ತು ನಾನು ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡಿದೆ, ಅಷ್ಟು ಖುಷಿಯಾಗಿತ್ತು.

ಉಣ್ಣೆಯಲ್ಲಿ ಹುಟ್ಟಾ ಜಿಡ್ಡು ಇರುತ್ತದೆ. ಹಾಗಾಗಿ ತೊಳೆಯುವುದನ್ನು ನಾನೇ ಕಲಿಸಿದ್ದೆ. ಅವಳು ಮನೆಯಲ್ಲಿ ಅಂಟುವಾಳದ ನೊರೆಯಲ್ಲಿ ತೊಳೆದು, ಏಳು ನೀರು ಬದಲಿಸಿ, ಆಮೇಲೆ ಲ್ಯಾಬಿನಲ್ಲಿ ಮದ್ಯಸಾರದಲ್ಲಿ ಅದ್ದಿ, ಒಲೆಯಂಥ ಪೆಟ್ಟಿಗೆಯಲ್ಲಿ ಎರಡು ದಿನ ಒಣಗಿಸುತ್ತಿದ್ದಳು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಿದ್ದಳು.

ಆಯುಧಪೂಜೆ ಬಂತು. ನಮ್ಮ ಅಟೆಂಡರ್ ಬೂದುಗುಂಬಳಕಾಯಿ, ಚೆಂಡುಹೂವು, ಕುಂಕುಮದ ಬಟ್ಟಲು ಹಿಡಿದು ಲ್ಯಾಬಿನ ಬಾಗಿಲಿಗೆ ಬಂದ. ಕಚೇರಿಯ ಕಂಪ್ಯೂಟರಿನಿಂದ ಹಿಡಿದು ನೀರಿನ ಮೋಟಾರಿನವರೆಗೆ ಎಲ್ಲಕ್ಕೂ ಬೊಟ್ಟಿಟ್ಟು ಮುಗಿಸಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ಎಂಟೂ ಮಕ್ಕಳನ್ನು ಕರೆದು ಅವನ ಎದುರೇ ಒಂದು ಪಾಠ ಮಾಡಿದೆ. ಒಂದು ಚಿಟಿಕೆ ಕುಂಕುಮ ಒಳಗೆ ಹೋದರೆ ಏನಾಗುತ್ತದೆ, ಹೂವಿನ ಪರಾಗ ಎಷ್ಟು ಸಣ್ಣದು, ಮಷಿನ್‌ಗೆ ಬೇಕಾದ ಪೂಜೆ ಎಂದರೆ ಶುಚಿ ಮಾತ್ರ, ಇತ್ಯಾದಿ. ಚೆನ್ನಾಗಿಯೇ ಮಾತಾಡಿದೆ. ಪಾಪ, ಅಟೆಂಡರ್ ಕುಂಬಳಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಹೋದ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನನ್ನ ಕೈಚೀಲದಲ್ಲಿ ಆಗಲೇ ಅಕ್ಷತೆಯ ಪೊಟ್ಟಣವಿತ್ತು. ಹಿಂದಿನ ಭಾನುವಾರ ಜಡೆಗೆ ಹೋದಾಗ ಅಮ್ಮ ಕೊಟ್ಟಿದ್ದು. ನಮ್ಮಮ್ಮ ಅಕ್ಷತೆಗೆ ಅರಿಸಿನದ ಜೊತೆ ತುಪ್ಪ ಸವರುತ್ತಾಳೆ, ಕಾಳು ಕಾಳು ಹೊಳೆಯಬೇಕು ಅವಳಿಗೆ. ‘ನೀ ಪೂಜೆ ಗೀಜೆ ಮಾಡಲ್ಲ ಅಂತ ಗೊತ್ತು ಕಣೇ. ಆ ಮಷಿನ್ ಮೇಲೆ ನಾಕು ಕಾಳು ಹಾಕಿಬಿಡು, ನನ್ನ ಸಮಾಧಾನಕ್ಕೆ’ ಎಂದಿದ್ದಳು. ಮಕ್ಕಳೆಲ್ಲ ಹೋದ ಮೇಲೆ ಸಂಜೆ ನಾಲ್ಕೂವರೆಗೆ ಬಾಗಿಲು ಹಾಕಲು ಹೋದವಳು ಹಾಗೇ ನಿಂತೆ. ಮಷಿನಿನ ದುರಸ್ತಿ ಕರಾರು ಆ ತಿಂಗಳೇ ಮುಗಿದಿತ್ತು. ಎಲ್ಲಕ್ಕೂ ಪೂಜೆಯಾಗಿ ಇದಕ್ಕೊಂದಕ್ಕೇ ಆಗಿಲ್ಲ, ನಾಳೆ ಏನಾದರೂ ಕೆಟ್ಟರೆ? ಹೊರಗೆ ಹಾಕಿದರೆ ಅಟೆಂಡರ್ ಗುಡಿಸುವಾಗ ಕಾಳು ನೋಡಿಬಿಡುತ್ತಾನೆ, ಊರಿಗೆಲ್ಲ ಸಾರುತ್ತಾನೆ. ಹಾಗಾಗಿ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿದೆ. ಬಾಗಿಲು ಎಳೆದೆ, ಐದು ಕಾಳು ಒಳಗಿಟ್ಟೆ, ಕೈ ಮುಗಿದೆ, ಮುಚ್ಚಿದೆ. ರಜೆ ಮುಗಿದು ಸೋಮವಾರ ಎಲ್ಲರಿಗಿಂತ ಮುಂಚೆ ಬಂದು ತೆಗೆದುಬಿಡುವುದು ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಮೀಟಿಂಗ್ ಅಂತ ಫೋನ್ ಬಂತು. ಅಟೆಂಡರ್‌ನನ್ನು ಮನೆಗೇ ಕರೆಸಿ ಲ್ಯಾಬಿನ ಕೀ ಅವನ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಅಕ್ಷತೆ ನೆನಪಿನಿಂದ ಪೂರ್ತಿ ಜಾರಿಹೋಯಿತು. ಸೋಮವಾರದ ಮೊದಲ ಎರಡು ಗಂಟೆ ಹೊಸಬಾಳೆಯ ಹುಡುಗಿಯದು.

ಮಂಗಳವಾರ ಚೇಂಬರಿನ ಗಾಳಿ ಹೋಗಲು ಐದು ನಿಮಿಷದ ಬದಲು ಮುಕ್ಕಾಲು ಗಂಟೆ ಹಿಡಿಯಿತು. ಚಿತ್ರದ ನಡುವೆ ಕಪ್ಪು ಚೌಕಗಳು ಬರತೊಡಗಿದವು. ಬುಧವಾರ ತಂತಿ ಸುಟ್ಟಿತು. ಬೆಂಗಳೂರಿನಿಂದ ಎಂಜಿನಿಯರ್ ಬಂದರು. ತಾಳ್ಮೆಯ ಮನುಷ್ಯ. ಒಳಗೆಲ್ಲ ಬಟ್ಟೆಯಿಂದ ಒರೆಸಿ, ಆ ಬಟ್ಟೆಯ ಮೇಲಿನ ಹಳದಿ ಕಂದು ಕಲೆಯನ್ನು ನನ್ನ ಮುಂದೆ ಹಿಡಿದು, ‘ಏನೋ ಜಿಡ್ಡಿನ ವಸ್ತು ಒಳಗೆ ಹೋಗಿದೆ ಮೇಡಂ. ಈ ವಾರ ಏನೇನು ಇಟ್ಟಿದ್ರಿ?’ ಎಂದು ಕೇಳಿದರು.

ಆ ಕ್ಷಣ ನನಗೆ ಅಕ್ಷತೆ ನೆನಪಾಯಿತು. ಆಗಲಿಲ್ಲ ಎಂದು ಬರೆಯಲು ಎಷ್ಟು ಆಸೆಯಿದೆ ಗೊತ್ತೇ? ಆಯಿತು. ಒಂದು ಸಲ ಕಣ್ಣು ಮುಚ್ಚಿ ಬಿಡುವಷ್ಟು ಹೊತ್ತು ಅಮ್ಮನ ತುಪ್ಪದ ಕೈ ಕಣ್ಣ ಮುಂದೆ ಬಂತು. ಎಂಜಿನಿಯರ್ ಪಕ್ಕದಲ್ಲಿ ಅಟೆಂಡರ್ ನಿಂತಿದ್ದ, ಅದೇ ಕುಂಬಳಕಾಯಿಯ ಅಟೆಂಡರ್. ಬಾಗಿಲಲ್ಲಿ ಮಕ್ಕಳು ಗುಂಪುಗೂಡಿದ್ದರು. ನನ್ನ ಬಾಯಿ ತಾನೇ ತಾನಾಗಿ, ‘ಉಣ್ಣೆ ಇಟ್ಟಿದ್ರು’ ಎಂದಿತು.

ಅಷ್ಟೇ. ಎಂಜಿನಿಯರ್ ತಲೆಯಾಡಿಸಿದರು. ಉಣ್ಣೆಯ ಜಿಡ್ಡು ಎಲ್ಲರಿಗೂ ಗೊತ್ತಿರುವ ವಿಷಯ, ಮತ್ತೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಹೊಸ ತಂತಿ ಹಾಕಿ ಹೋದರು. ಅವರು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಟಾರ್ಚ್ ಬಿಟ್ಟು ಚೇಂಬರ್ ನೋಡಿದೆ. ಕಾಳು ಒಂದೂ ಕಾಣಲಿಲ್ಲ. ಕಾಣಲಿಲ್ಲವಲ್ಲ, ನಾನೇ ಎಂದೋ ತೆಗೆದಿರಬೇಕು ಎಂದುಕೊಂಡೆ. ಕಂಡದ್ದನ್ನು ಬಿಟ್ಟು ಅಂದುಕೊಂಡದ್ದನ್ನು ಹಿಡಿದೆ.

ಮರುದಿನ ಅವಳನ್ನು ಎಲ್ಲರ ಮುಂದೆ ಬೈದೆ. ತೊಳೆಯದ ಉಣ್ಣೆ ತಂದು ಎಂಟು ಜನರ ಕೆಲಸ ಕೆಡಿಸಿದೆ ಎಂದೆ. ತೊಳೆದಿದ್ದೇನೆ ಎಂದಳು. ಕುರಿ ದೊಡ್ಡಿಯಲ್ಲಿ ಎಷ್ಟು ತೊಳೆಯುತ್ತೀಯ ಅಂತ ನನಗೆ ಗೊತ್ತಿಲ್ಲವೇ ಎಂದೆ. ಹೌದು, ಇದೇ ಮಾತು. ಕುರಿ ಸಾಕುವವರ ಮನೆಯ ಹುಡುಗಿ ಎಂದಮೇಲೆ ಜಿಡ್ಡು ಅವಳದೇ ಇರಬೇಕು ಎಂದು ನಂಬುವುದು ಆ ಕೋಣೆಯಲ್ಲಿ ಯಾರಿಗೂ ಕಷ್ಟವಾಗಲಿಲ್ಲ, ನನಗೂ ಕಷ್ಟವಾಗಲಿಲ್ಲ. ಅವಳ ಮುಖ ಕೆಂಪಾಯಿತು. ಅಳಲಿಲ್ಲ.

‘ಮೇಡಂ, ನಾ ಕಂಡಿದ್ನ ಬುಕ್ಕಲ್ಲಿ ಬರ್ದೀನಿ. ಒಂದ್ಸಲ ನೋಡಿ’ ಎಂದಳು.

ಬುಕ್ಕು ಗಿಕ್ಕು ನನಗೆ ತೋರಿಸಬೇಡ ಎಂದೆ. ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ ಇದೆಯಲ್ಲ, ಹಾಗೆ ಬಾಗಿಲಿನ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದೆ. ಇನ್ನು ಮೇಲೆ ಅವಳು ಮಷಿನ್ ಮುಟ್ಟುವ ಹಾಗಿಲ್ಲ. ಅವಳ ಬಿಲ್ಲೆಗಳನ್ನು ಬೇರೆ ಹುಡುಗನೊಬ್ಬ ಇಟ್ಟು ಚಿತ್ರ ತೆಗೆದುಕೊಡುತ್ತಾನೆ, ಅವಳು ಹಿಂದೆ ನಿಂತು ನೋಡಬಹುದು. ಆ ಶನಿವಾರ ಲಾಗ್ ಪುಸ್ತಕದ ಆ ಪುಟಕ್ಕೂ ನನ್ನ ಸಹಿ ಬಿತ್ತು. ಓದದೆ ಹಾಕಿದೆ.

ಒಂದು ವಾರದ ಮೇಲೆ ಅವಳ ಅಪ್ಪ ಬಂದರು. ಬಿಳಿ ಪಂಚೆ, ತಲೆಗೆ ಟವೆಲ್, ಕೈಯಲ್ಲಿ ಪೇಪರ್ ಸುತ್ತಿದ ಕಂಬಳಿ. ಸ್ಟಾಫ್ ರೂಮಿನ ಹೊಸ್ತಿಲು ದಾಟಲಿಲ್ಲ. ಕೂರಿ ಎಂದರೂ ಕೂರಲಿಲ್ಲ. ‘ನಮ್ಮ ಕುರಿ ಉಣ್ಣೆಯಿಂದ ನಿಮ್ಮ ಮಷಿನ್ ಕೆಟ್ತಂತೆ ಮೇಡಮ್ಮೋರೆ. ಮಗು ಓದು ಒಂದು ನಿಲ್ಲಿಸ್ಬ್ಯಾಡ್ರಿ’ ಎಂದರು. ಕಂಬಳಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ತಮ್ಮ ಕುರಿಗಳದೇ ಉಣ್ಣೆ, ನೇಯಿಸಿದ್ದು, ಚಳಿಗೆ ಆಗುತ್ತದೆ ಎಂದರು. ಬೇಡ ಎಂದೆ. ಇನ್ನೊಮ್ಮೆ ಬೇಡ ಎಂದೆ. ಮೂರನೆಯ ಸಲ ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಯ್ಯೋ ನನ್ನ ಬುದ್ಧಿಗಿಷ್ಟು! ನಾನು ತೆಗೆದುಕೊಂಡ ಮೇಲೆ ಆ ತಪ್ಪು ಅವರದೆಂದು ಖಾಯಂ ಆಯಿತು.

ಆ ವರ್ಷವಿಡೀ ಅವಳು ಸೋಮವಾರ ಸೋಮವಾರ ಬಂದು ಆ ಹುಡುಗನ ಕುರ್ಚಿಯ ಹಿಂದೆ ನಿಂತಳು. ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಈಗ ಫೋಕಸ್ ಮಾಡು ಎಂದು ಮೆಲ್ಲಗೆ ಹೇಳುತ್ತಿದ್ದಳು. ಅವನಿಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು ಎಂದು ಅವನೇ ನನಗೆ ಒಮ್ಮೆ ಹೇಳಿದ. ಕೇಳಿಸದವಳಂತೆ ಎದ್ದು ಹೋದೆ. ಯಾರಾದರೂ ಅವಳ ಹೆಸರು ಎತ್ತಿದರೆ ಸಾಕು, ರೇಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಪರೀಕ್ಷೆ ಮುಗಿದ ಮೇಲೆ ಅವಳು ಒಂದು ಪತ್ರ ಕೇಳಿಕೊಂಡು ಬಂದಳು. ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವ ಸಹಾಯಕರ ಹುದ್ದೆ. ಅಭ್ಯರ್ಥಿ ಮಷಿನನ್ನು ಸ್ವತಃ ನಡೆಸಿದ್ದಾಳೆ ಎಂದು ಮೇಷ್ಟರು ಬರೆದುಕೊಡಬೇಕು. ಆಯುಧಪೂಜೆಯವರೆಗೂ ಎರಡು ತಿಂಗಳು ಅವಳು ನಡೆಸಿದ್ದಳು, ಎಲ್ಲರಿಗಿಂತ ಚೆನ್ನಾಗಿ ನಡೆಸಿದ್ದಳು. ನಾನು ಬರೆದದ್ದು, ನಡೆಸುವುದನ್ನು ಗಮನಿಸಿದ್ದಾಳೆ ಎಂದು. ಪತ್ರ ಓದಿ, ಮಡಚಿ, ‘ಬರ್ತೀನಿ ಮೇಡಂ’ ಎಂದು ಹೋದಳು. ಆ ಕೆಲಸ ಅವಳಿಗೆ ಸಿಗಲಿಲ್ಲ. ಶಿರಾಳಕೊಪ್ಪದ ಒಂದು ಖಾಸಗಿ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು. ನಾನೂ ಒಬ್ಬ ಎಂಎಸ್ಸಿ ಹುಡುಗಿಯನ್ನು ಗಾಜಿನ ಆಚೆ ನಿಲ್ಲಿಸಿ ಮನೆಗೆ ಕಳಿಸಿದೆ.

ಈ ವರ್ಷ ಮಳೆಗಾಲದ ಕೊನೆಗೆ ಮಷಿನ್ ಮತ್ತೆ ತೊಂದರೆ ಕೊಟ್ಟಿತು. ಅದೇ ಕಪ್ಪು ಚೌಕ, ಅದೇ ಮುಕ್ಕಾಲು ಗಂಟೆ. ಉಣ್ಣೆ ಒಳಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಅದೇ ಎಂಜಿನಿಯರ್ ಬಂದರು. ಈ ಸಲ ಬಿಲ್ಲೆ ಇಡುವ ತಟ್ಟೆಯ ಭಾಗವನ್ನೆಲ್ಲ ಕಳಚಿ ಮೇಜಿನ ಮೇಲೆ ಹರಡಿದರು. ಹಲ್ಲುಗಾಲಿಯ ಕೆಳಗಿನ ಸಂದಿಯಿಂದ ಚಿಮಟದಲ್ಲಿ ಒಂದೊಂದಾಗಿ ತೆಗೆದು ಬಿಳಿ ಕಾಗದದ ಮೇಲಿಟ್ಟರು. ಐದು ಕಾಳು. ಕಪ್ಪಗೆ ಕುಗ್ಗಿಹೋಗಿದ್ದವು, ಒಂದರಲ್ಲಿ ಮಾತ್ರ ಅರಿಸಿನದ ಹಳದಿ ಉಳಿದಿತ್ತು.

‘ಅಕ್ಕಿ ಇದ್ದಂಗಿದೆ’ ಎಂದು ಎಂಜಿನಿಯರ್ ನಕ್ಕರು. ಇಲಿ ತಂದಿರಬೇಕು ಎಂದು ಅಟೆಂಡರ್ ಹೇಳಿದ. ನಾನು ಏನೂ ಹೇಳಲಿಲ್ಲ. ಆಗಲೂ ಹೇಳಲಿಲ್ಲ.

ಅವರು ಹೋದ ಮೇಲೆ ಹಳೆಯ ಲಾಗ್ ಪುಸ್ತಕ ತೆಗೆದೆ. ಆ ಸೋಮವಾರದ ಪುಟ ಹುಡುಕುವುದು ಕಷ್ಟವಾಗಲಿಲ್ಲ. ಅವಳ ದುಂಡು ಅಕ್ಷರ. ‘ಚೇಂಬರ್ ನೋಡಿದೆ. ಬಲಗಡೆ ಮೂಲೆಯಲ್ಲಿ ಅರಿಸಿನ ಹಚ್ಚಿದ ಅಕ್ಕಿ ಕಾಳು ಒಂದು ಕಂಡಿತು. ಹೊಳೆಯುತ್ತಿದೆ. ಕೈ ಹಾಕಿಲ್ಲ. ಮೇಡಂ ಬಂದ ಮೇಲೆ ಹೇಳಬೇಕು.’ ಅದರ ಕೆಳಗೆ ನನ್ನ ಸಹಿ. ಬಾಲ ಎಳೆದು, ಕೆಳಗೆರಡು ಚುಕ್ಕೆ ಇಟ್ಟು, ಎಷ್ಟು ಅಂದವಾಗಿ ಹಾಕಿದ್ದೆ. ಕಂಡದ್ದನ್ನು ಮಾತ್ರ ಬರೆದಿದ್ದಳು. ಯಾರು ಹಾಕಿರಬಹುದು ಎಂಬುದನ್ನು ಬರೆದಿರಲಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ.

ಆ ರಾತ್ರಿ ಕಂಬಳಿ ಹೊದೆಯಲಾಗಲಿಲ್ಲ. ಮರುದಿನ ಭಾನುವಾರ. ಕಂಬಳಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಲಾಗ್ ಪುಸ್ತಕ, ಕೇಂದ್ರದ ಹೆಸರಿದ್ದ ಖಾಲಿ ಹಾಳೆ ನಾಲ್ಕು, ಸೀಲು ಇಟ್ಟುಕೊಂಡೆ. ಒಂದು ಹಾಳೆಯ ಮೇಲೆ ಬೆಳಿಗ್ಗೆಯೇ ಪತ್ರ ಬರೆದು ಮುಗಿಸಿದ್ದೆ. ಅದೇ ಸಂಸ್ಥೆಯಲ್ಲಿ ಅಂಥದೇ ಇನ್ನೊಂದು ಹುದ್ದೆಗೆ ಅರ್ಜಿ ಕರೆದಿದ್ದರು, ಕೊನೆಯ ದಿನಕ್ಕೆ ಇನ್ನೊಂದು ವಾರವಿತ್ತು. ಶಿರಾಳಕೊಪ್ಪ ದಾಟಿ, ಸೊರಬದಲ್ಲಿ ಇಳಿದು, ಹೊಸಬಾಳೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಪಾಠ ಮಾಡುವವಳಲ್ಲವೇ, ಅಷ್ಟೇ ಬರುವುದು.

ಮನೆ ಹುಡುಕುವುದು ಸುಲಭವಾಯಿತು. ಕುರಿ ದೊಡ್ಡಿ ರಸ್ತೆಗೇ ಕಾಣುತ್ತಿತ್ತು. ಗುಡಿಸಿ, ಬೂದಿ ಎರಚಿ, ನಮ್ಮ ಲ್ಯಾಬಿಗಿಂತ ಚೊಕ್ಕಟವಾಗಿತ್ತು. ಅವಳು ಬಾಗಿಲಿಗೆ ಬಂದು ನನ್ನನ್ನು ಕಂಡು ನಿಂತಳು, ಆಮೇಲೆ ‘ಬನ್ನಿ ಮೇಡಂ’ ಎಂದು ಜಗುಲಿಯ ಮೇಲೆ ಚಾಪೆ ಹಾಸಿದಳು. ಅವಳ ಅಪ್ಪ ಕುರಿಗಳಿಗೆ ನೀರಿಟ್ಟು ಕೈ ತೊಳೆದು ಬಂದರು. ಅಮ್ಮ ಮಜ್ಜಿಗೆ ತಂದಿಟ್ಟರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಲಾಗ್ ಪುಸ್ತಕ ತೆರೆದು ಆ ಪುಟವನ್ನು ಅವಳ ಮುಂದಿಟ್ಟೆ. ಐದು ಕಾಳು ಸಿಕ್ಕಿದವು ಎಂದೆ.

‘ಐದಿದ್ವಾ?’ ಎಂದು ಕೇಳಿದಳು. ‘ನಂಗೆ ಒಂದೇ ಕಂಡಿದ್ದು.’

ನಿನಗೆ ಆಗಲೇ ಗೊತ್ತಿತ್ತೇ ಎಂದು ಕೇಳಿದೆ.

‘ಹೂ ಮೇಡಂ. ರಜೇಲಿ ಲ್ಯಾಬ್ ಕೀ ನಿಮ್ಮತ್ರನೇ ಇದ್ದಿದ್ದು.’

ಮತ್ತೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದೆ. ಎಂಥ ನಾಚಿಕೆಗೆಟ್ಟ ಪ್ರಶ್ನೆ. ಅವಳು ನನ್ನನ್ನೇ ನೋಡಿದಳು. ‘ಹೇಳಿದ್ರೆ ನಂಬ್ತಿದ್ರಾ?’ ಎಂದಳು. ದನಿ ಏರಿಸಲಿಲ್ಲ.

ಚೀಲದಿಂದ ಪತ್ರ ತೆಗೆದು ಕೊಟ್ಟೆ. ನಿಧಾನವಾಗಿ ಓದಿದಳು. ಎರಡು ತಿಂಗಳು ಮಷಿನನ್ನು ಸ್ವತಃ, ಅತ್ಯಂತ ಜಾಗ್ರತೆಯಿಂದ ನಡೆಸಿದ್ದಾಳೆ. ಆಮೇಲೆ ನಡೆದ ದುರಸ್ತಿಗೆ ಈಕೆ ಕಾರಣಳಲ್ಲ ಎಂದು ನಂತರ ತಿಳಿದುಬಂದಿದೆ. ಇಷ್ಟು ಬರೆದಿದ್ದೆ. ಬಸ್ಸಿನಲ್ಲಿ ಕೂತಾಗ ಅದು ಬಹಳ ಧೈರ್ಯದ ಪತ್ರವೆಂದು ಅನಿಸಿತ್ತು. ಅವಳು ಓದಿ ಮುಗಿಸಿ ಹಾಳೆಯನ್ನು ನನ್ನ ಕಡೆಗೇ ಸರಿಸಿದಳು.

‘ತಿಳಿದುಬಂದಿದೆ ಅಂತೈತೆ. ಕಾಳು ಹಾಕಿದ್ದು ಯಾರು ಅಂತ ಇಲ್ಲ’ ಎಂದಳು. ಆ ಸಾಲಿನ ಮೇಲೆ ಬೆರಳಿಟ್ಟು, ‘ಕಂಡದ್ದನ್ನ ಬರೀರಿ ಮೇಡಂ’ ಎಂದಳು.

ಅಣಕವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಕೋಪವಾದರೂ ಬಂದು ನನ್ನನ್ನು ಕಾಪಾಡುತ್ತಿತ್ತು. ಆ ಹಾಳೆಯಲ್ಲಿ ಹಾಗೆ ಬರೆದರೆ ಕೇಂದ್ರದ ಕಡತಕ್ಕೂ ಒಂದು ಪ್ರತಿ ಹೋಗುತ್ತದೆ, ಮಷಿನಿನ ಜವಾಬ್ದಾರಿ ನನ್ನ ಕೈತಪ್ಪುತ್ತದೆ, ಅಟೆಂಡರ್‌ನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ನಗುತ್ತಾರೆ. ಇಷ್ಟೂ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಅವಳು ಕಳೆದುಕೊಂಡದ್ದರ ಮುಂದೆ ಅದೆಲ್ಲ ಏನೂ ಅಲ್ಲ ಎಂಬುದು ಗೊತ್ತಿದ್ದೂ ಓಡಿತು. ಇನ್ನೊಂದು ಹಾಳೆ ತೆಗೆದೆ. ಅವರ ಜಗುಲಿಯ ಮೇಲೆ ಚಾಪೆಯಲ್ಲಿ ಕೂತು, ಲಾಗ್ ಪುಸ್ತಕವನ್ನೇ ಒತ್ತಿಗಿಟ್ಟುಕೊಂಡು ಬರೆದೆ. ಆಯುಧಪೂಜೆಯ ದಿನ ಚೇಂಬರಿನ ಒಳಗೆ ತುಪ್ಪ ಸವರಿದ ಐದು ಅಕ್ಷತೆ ಕಾಳು ಹಾಕಿದವಳು ನಾನು. ಮರೆತವಳು ನಾನು. ನೆನಪಾದ ಮೇಲೂ ಹೇಳದೆ ಈಕೆಯ ಮೇಲೆ ಹೊರಿಸಿದವಳು ನಾನು. ಈಕೆ ಅದನ್ನು ಕಂಡು ಆವತ್ತೇ ಬರೆದಿಟ್ಟಿದ್ದಳು, ನಾನು ಓದದೆ ಸಹಿ ಹಾಕಿದ್ದೆ. ಪತ್ರ ಇಂಗ್ಲಿಷಿನಲ್ಲಿತ್ತು. ಸಹಿ ಹಾಕಿ ಸೀಲು ಒತ್ತಿದೆ.

ಅವಳ ಅಪ್ಪ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದರು. ಏನಂತೆ ಎಂದು ಮಗಳನ್ನು ಕೇಳಿದರು. ಅವಳು ಪತ್ರವನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ನನ್ನ ಮಾತುಗಳನ್ನು ನಾನು ಅಲ್ಲೇ ಕೂತು, ಅವರ ಭಾಷೆಯಲ್ಲಿ, ಅವರ ಜೊತೆಗೇ ಕೇಳಿಸಿಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ. ಬೈಯಲಿಲ್ಲ. ದೊಡ್ಡಿಯ ಕಡೆ ಮುಖ ಮಾಡಿದರು.

‘ಹಂಗಾರೆ ನಮ್ಮ ಉಣ್ಣೆ ಸ್ವಚ್ಛ ಇತ್ತು’ ಎಂದರು.

ಒಳಗಿದ್ದ ಹೆಂಡತಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು. ಒಂದು ವರ್ಷ ಆ ಮನುಷ್ಯ ತನ್ನ ಕುರಿಗಳನ್ನು ನೋಡಿದಾಗಲೆಲ್ಲ ಏನು ನೆನೆಸಿಕೊಂಡಿರಬಹುದು ಎಂದು ನಾನು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಗಿಯ ಬಗ್ಗೆ ಯೋಚಿಸಿದ್ದೆ, ನನ್ನ ಬಗ್ಗೆ ಬೇಕಾದಷ್ಟು ಯೋಚಿಸಿದ್ದೆ. ನನಗೆ ಅಳು ಬಂತು. ಅವರ ಮುಂದೆ ಅಳುವ ಹಕ್ಕೂ ನನಗಿಲ್ಲ ಎನಿಸಿ ಮಜ್ಜಿಗೆ ಲೋಟ ಎತ್ತಿಕೊಂಡೆ.

ಹೊರಡುವಾಗ ಕಂಬಳಿ ತೆಗೆದು ಅವರ ಮುಂದೆ ಹಿಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕೊಟ್ಟದ್ದನ್ನು ವಾಪಸು ಇಸಿದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ, ಚಳಿ ಬರುತ್ತಿದೆ, ಇಟ್ಟುಕೊಳ್ಳಿ ಎಂದರು. ನಾನು ಒತ್ತಾಯಿಸಿದೆ. ಅವರು ಒಪ್ಪಲಿಲ್ಲ. ಇಟ್ಟುಕೊಂಡುಬಿಡುತ್ತಿದ್ದೆನೋ ಏನೋ, ನನ್ನ ಜನ್ಮಕ್ಕೆ ಅದೂ ಅಭ್ಯಾಸವಾಗಿತ್ತು.

ಅವಳು ಮುಂದೆ ಬಂದಳು. ನನ್ನ ಕೈಯಿಂದ ಕಂಬಳಿ ತೆಗೆದುಕೊಂಡಳು, ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡಳು. ‘ತಪ್ಪಿಗೆ ಅಂತ ಕೊಟ್ಟಿದ್ದು ಅಪ್ಪ ಇದು. ತಪ್ಪು ನಮ್ದಲ್ಲ ಅಂದ್ಮೇಲೆ ನಮ್ಮನೇಲೇ ಇರ್ಲಿ’ ಎಂದಳು. ಒಳಗೆ ಹೋಗಿ, ಬಿದಿರ ಗಳುವಿನ ಮೇಲೆ ಅದನ್ನು ಅಗಲವಾಗಿ ಹರವಿ ಬಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಬಸ್ಸಿಗೆ ಬಿಡಲು ಜೊತೆಗೆ ನಡೆದಳು.